ಎಲುಬಿನ ಸುಣ್ಣದ ಡಬ್ಬಿ

ಅಮೆರಿಕಾದ ಪಿಸ್ಕಾಟವೇ ಎಂಬ ಊರಿನ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಈಗ ಒಂದು ಕಥೆ ಓಡಾಡುತ್ತಿದೆ. ಅಂಕಲ್ ಒಬ್ಬರು ಯಾರದೋ ಹಳೆಯ ಮನೆಯ ಸಾಮಾನು ಮಾರಾಟದಲ್ಲಿ ಸತ್ತವರ ಎಲುಬಿನಿಂದ ಮಾಡಿದ ಡಬ್ಬಿ ತಂದರಂತೆ. ಅವರ ತಾಯಿ, ಪಾಪ, ಗೊತ್ತಿಲ್ಲದೆ ಅದರಲ್ಲಿ ಸುಣ್ಣ ತುಂಬಿಟ್ಟುಕೊಂಡು ದಿನಾ ಎಲೆ ಅಡಿಕೆ ಹಾಕಿಕೊಂಡರಂತೆ. ಅದು ಎಲುಬೆಂದು ತಿಳಿದ ದಿನದಿಂದ ಆಕೆಯ ಬಾಯಿ ಮುಚ್ಚಿಕೊಳ್ಳತೊಡಗಿತಂತೆ. ಇಲ್ಲಿಗೆ ಬಂದಾಗ ಕಥೆ ಹೇಳುವವರು ದನಿ ತಗ್ಗಿಸಿ, "ಬಾಯಿ ಬಿಟ್ಟಿದ್ದು ಆ ಹುಡುಗಿ" ಎಂದು ಸೇರಿಸುತ್ತಾರೆ. ಆ ಹುಡುಗಿ ನಾನು.

ಕಥೆಗೆ ನನ್ನ ತಕರಾರುಗಳಿವೆ. ಸತ್ತವರ ಎಲುಬು ಎಂದರೇನು? ಬದುಕಿರುವವರ ಎಲುಬಿನಲ್ಲಿ ಯಾರೂ ಡಬ್ಬಿ ಕೆತ್ತುವುದಿಲ್ಲ. ಮನುಷ್ಯರದ್ದು ಎಂದು ಅರ್ಥವಾದರೆ, ಹಾಗೆಂದು ಯಾರೂ ಹೇಳಿಲ್ಲ, ನಾನಂತೂ ಹೇಳಿಲ್ಲ. ಇನ್ನು ಬಾಯಿಯ ವಿಷಯ. ಅಜ್ಜಿಯ ಬಾಯಿ ಕೆಟ್ಟದ್ದು ಡಬ್ಬಿ ಮನೆಗೆ ಬರುವ ಮೊದಲೇ. ಅದಕ್ಕೆ ಸಾಕ್ಷಿ ಕೆಂಪು ಖಾರ. ಧಾರವಾಡದ ಕಡೆಯ ಆ ಹೆಂಗಸು ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಳ್ಳುವುದನ್ನು ನಿಲ್ಲಿಸಿದ್ದು ಒಂದು ಸಂಕ್ರಾಂತಿಯ ಹೊತ್ತಿಗೆ. "ವಯಸ್ಸಾತು, ಉರೀತೈತಿ" ಅಂದಿದ್ದರು. ಡಬ್ಬಿ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಬಂದ ಡಬ್ಬಿ ಚಳಿಗಾಲದ ಬಾಯನ್ನು ಹೇಗೆ ಸುಟ್ಟೀತು?

ಇಷ್ಟು ವಾದ ಮಾಡಿದರೆ ಎದುರಿನವರು ಸುಮ್ಮನಾಗುತ್ತಾರೆ. ಒಪ್ಪುವುದಿಲ್ಲ, ಸುಮ್ಮನಾಗುತ್ತಾರೆ ಅಷ್ಟೆ. ಆ ವ್ಯತ್ಯಾಸ ನನಗೆ ತಿಳಿದದ್ದು ಈಚೆಗೆ. ಮೈಸೂರಿನ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಯಾವ ಕಡೆ ಬಂದರೂ ಗೆಲ್ಲುವುದನ್ನು ಕಲಿಸಿದ್ದರು. ಗೆದ್ದ ಮೇಲೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ಆಂಟಿ ನನ್ನ ಅಮ್ಮನ ಕಾಲೇಜು ಗೆಳತಿ. ನಾನು ಪಿಎಚ್‌ಡಿಗೆಂದು ಇಲ್ಲಿಗೆ ಬಂದ ಮೊದಲ ವಾರದಿಂದ ಭಾನುವಾರದ ಊಟ ಅವರ ಮನೆಯಲ್ಲಿ. ಅಂಕಲ್ ಹತ್ತಿರದ ಟೆಲಿಕಾಂ ಆಫೀಸೊಂದರಲ್ಲಿ ಎಂಜಿನಿಯರ್. ಅಜ್ಜಿ ಅವರ ತಾಯಿ. ಗ್ರೀನ್ ಕಾರ್ಡ್ ಬಂದು ಆರು ವರ್ಷ. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸುವ ತನಕ ಹನಿ ನೀರು ಕುಡಿಯುವವರಲ್ಲ. ಮೊಟ್ಟೆ ಹಾಕಿದ ಕೇಕ್ ಇಟ್ಟ ತಟ್ಟೆಯನ್ನು ಬೇರೆ ಸ್ಪಂಜಿನಲ್ಲಿ ತೊಳೆಸುವವರು.

ಒಮ್ಮೆ ಆಂಟಿ ಗುಲಾಬಿ ಗಿಡಗಳಿಗೆ ಹಾಕಲು ದೊಡ್ಡ ಅಂಗಡಿಯಿಂದ ಗೊಬ್ಬರದ ಚೀಲ ತಂದಿದ್ದರು. ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅಜ್ಜಿ ಮೂಗೆತ್ತಿದರು.

"ಎಲುಬಿನ ಪುಡಿ ತಂದೀ ಏನವಾ?"

"ಇಲ್ಲಾ ಅತ್ತೆ, ಗೊಬ್ಬರ. ಆರ್ಗ್ಯಾನಿಕ್."

"ಆರ್ಗ್ಯಾನಿಕ್ ಎಲುಬು. ಸಣ್ಣಾಕಿದ್ದಾಗ ಹೊಲದಾಗ ಬಿದ್ದ ದನದ ಎಲುಬು ಆಯ್ದು ಬುಟ್ಟಿ ತುಂಬೀವಿ. ನನಗ ಹೇಳಬ್ಯಾಡ."

ಚೀಲದ ಹಿಂದಿನ ಸಣ್ಣ ಅಕ್ಷರ ಓದಿದರೆ, ಹೌದು, ಎಲುಬಿನ ಪುಡಿ. ನಾವೆಲ್ಲ ನಕ್ಕೆವು. ಈ ಮಾತನ್ನು ಇಲ್ಲಿ ಇಟ್ಟು ಮುಂದೆ ಹೋಗುತ್ತೇನೆ.

ಡಬ್ಬಿ ಬಂದದ್ದು ಆಮೇಲೆ. ನಾಲ್ಕು ಬೀದಿ ಆಚೆ ಒಬ್ಬ ಮುದುಕಿ ತೀರಿಕೊಂಡಿದ್ದಳು. ಅವಳ ಮನೆಯ ಸಾಮಾನನ್ನೆಲ್ಲ ಹುಲ್ಲಿನ ಮೇಲೆ ಹರಡಿ ಮಾರುತ್ತಿದ್ದರು. ಅಂಕಲ್‌ಗೆ ಇಂಥ ಕಡೆ ಹೋಗುವ ಚಟ. ಅವತ್ತು ಒಂದು ಟೇಬಲ್ ಲ್ಯಾಂಪು, ಒಂದು ಕೊಳವೆಯಂಥ ಡಬ್ಬಿ ತಂದರು. ಗೇಣಿಗಿಂತ ಚಿಕ್ಕದು, ಹಳೆಯ ಬೆಣ್ಣೆಯ ಬಣ್ಣ. ಮೈ ತುಂಬ ಕೂದಲೆಳೆಯಷ್ಟು ಸಣ್ಣ ಗೆರೆಗಳ ಕೆತ್ತನೆ, ಗೆರೆಗಳೊಳಗೆ ತುಂಬಿದ ಕಪ್ಪು. ನಡುವೆ ಒಂದು ಆಕೃತಿ ಎದುರಿಗೇ ನೋಡುತ್ತ ನಿಂತಿತ್ತು. ಚೌಕ ಮುಖ, ಚೌಕ ಕಣ್ಣು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಜುಟ್ಟು ಹಿಡಿದು ಇಳಿಬಿಟ್ಟ ಒಂದು ತಲೆ.

ಅಂಕಲ್, ಪೆನ್ ಸ್ಟ್ಯಾಂಡ್ ಎಂದರು. ಆಂಟಿ, ಕುಂಕುಮದ ಭರಣಿ ಇರಬೇಕು ಎಂದರು. ನಾನು, ಎರಡೂ ಅಲ್ಲ, ಪೆನ್ನಿಗೆ ಇಷ್ಟು ಸಣ್ಣ ಬಾಯಿ ಸಾಲದು, ಈ ದೇಶದಲ್ಲಿ ಕುಂಕುಮ ಯಾರಿಗೆ ಬೇಕಿತ್ತು ಎಂದೆ. ಅಜ್ಜಿ ಕೈ ಚಾಚಿ ಇಸಿದುಕೊಂಡರು. ಬೆಳಕಿಗೆ ಹಿಡಿದು ಒಳಗೆ ನೋಡಿದರು. ಕಿರುಬೆರಳು ಹಾಕಿ ಕೆರೆದರು. ಉಗುರಿನಲ್ಲಿ ಬಿಳಿಯ ಹಕ್ಕಳೆ ಬಂತು. ಅದನ್ನು ನಾಲಿಗೆಯ ತುದಿಗೆ ಮುಟ್ಟಿಸಿದರು.

"ಸುಣ್ಣ," ಎಂದರು. "ಇದು ಸುಣ್ಣದ ಡಬ್ಬಿ ಐತಿ. ಕಡ್ಡಿ ಎಲ್ಲೈತಿ?"

"ಅವ್ವಾ, ಅಮೆರಿಕಾದ ಮುದುಕಿ ಎಲಿ ಅಡಿಕಿ ಹಾಕ್ತಿದ್ಲೇನ?" ಅಂಕಲ್ ನಕ್ಕರು.

"ಆಕಿ ಹಾಕ್ತಿದ್ದಿಲ್ಲ. ಯಾರೋ ಹಾಕ್ತಿದ್ರು."

ಆಮೇಲೆ ಆಕೃತಿಯ ಮೇಲೆ ಹೆಬ್ಬೆರಳಾಡಿಸಿ, "ವೀರಭದ್ರ. ದಕ್ಷನ ತಲಿ ಹಿಡದಾನ ನೋಡು" ಎಂದರು. ಅವರ ಮನೆದೇವರೇ ವೀರಭದ್ರ. ಇನ್ನೇನು ಬೇಕು? ಡಬ್ಬಿಗೆ ತಳ ಇರಲಿಲ್ಲ. "ನಾ ಮಾಡಕೋತೀನಿ" ಎಂದವರೇ ಬಾಟಲಿಯ ಬಿರಡೆಯೊಂದನ್ನು ಕೊಯ್ದು ಕೂರಿಸಿ, ಮೇಣ ಹಚ್ಚಿ, ಸುಣ್ಣ ತುಂಬಿದರು. ಎಲೆಯ ಚಂಚಿಯಲ್ಲಿ, ಬಟ್ಟೆಯ ಜೇಬೊಂದರಲ್ಲಿ, ಅದಕ್ಕೆ ಅಳತೆ ಕೊಟ್ಟು ಹೊಲಿಸಿದಂಥ ಜಾಗ ಸಿಕ್ಕಿತು. ಪೂಜೆಯ ಹೊತ್ತಿಗೆ ಚಂಚಿಯಿಂದ ತೆಗೆದು ದೇವರ ಕಪಾಟಿನಲ್ಲಿ ವಿಭೂತಿಯ ಪಕ್ಕ ನಿಲ್ಲಿಸುತ್ತಿದ್ದರು. ಹಬ್ಬಕ್ಕೆ ಬಂದವರಿಗೆಲ್ಲ ಊಟದ ಮೇಲೆ ಅದರ ಸುಣ್ಣವೇ. ಈಗ ಕಥೆ ಹೇಳಿಕೊಂಡು ಓಡಾಡುವ ಎಷ್ಟೋ ಬಾಯಿಗಳು ಅದೇ ಸುಣ್ಣದಿಂದ ಕೆಂಪಾಗಿದ್ದವು ಎಂಬುದನ್ನು ಯಾರೂ ಕಥೆಯಲ್ಲಿ ಸೇರಿಸುವುದಿಲ್ಲ.

ಅದು ಯಾವುದರಿಂದ ಮಾಡಿದ್ದು ಎಂಬುದು ನನಗೂ ಅಂಕಲ್‌ಗೂ ಭಾನುವಾರದ ಜಗಳವಾಯಿತು. ಅವರು ಒಂದು ವಾರ ಯಾವುದೋ ಗಟ್ಟಿ ಮರ ಎನ್ನುತ್ತಿದ್ದರು, ಮರುವಾರ ದಂತ ಎನ್ನುತ್ತಿದ್ದರು. ದಂತವಾಗಿದ್ದರೆ ಒಳಗೆ ಟೊಳ್ಳು ಕೊರೆಯಬೇಕಿತ್ತು, ಇದು ಹುಟ್ಟಿನಿಂದಲೇ ಟೊಳ್ಳು ಎಂದು ನನ್ನ ವಾದ. "ಪ್ರೂವ್ ಮಾಡು" ಎಂದರು. ಇದನ್ನು ನನಗೆ ಹೇಳಬಾರದಿತ್ತು.

ಕಳೆದ ಫೆಬ್ರವರಿಯ ಒಂದು ಶನಿವಾರ. ಬೆಳಗಿನಿಂದ ಮಳೆಯೂ ಅಲ್ಲದ ಹಿಮವೂ ಅಲ್ಲದ ಅದೇನೋ ಸುರಿಯುತ್ತಿತ್ತು. ಅಂಕಲ್, ಆಂಟಿ, ನಾನು ಹ್ಯಾರಿಸನ್ ಸ್ಟೇಷನ್ ತನಕ ಡ್ರೈವ್ ಮಾಡಿ, ಕಾರು ನಿಲ್ಲಿಸಿ, ಟ್ರೇನು ಹಿಡಿದು ಮ್ಯಾನ್‌ಹ್ಯಾಟನ್‌ನ ಒಂದು ಮ್ಯೂಸಿಯಂಗೆ ಹೋದೆವು. ಆಂಟಿಗೆ ಹೊಸ ಚಿತ್ರಗಳ ಪ್ರದರ್ಶನ ನೋಡುವ ಆಸೆ. ಆಂಡೀಸ್ ಪರ್ವತದ ಜನರ ಕೋಣೆಗೆ ಅವರನ್ನು ಎಳೆದುಕೊಂಡು ಹೋದದ್ದು ನಾನು. ಮೊದಲೇ ವೆಬ್‌ಸೈಟಿನಲ್ಲಿ ನೋಡಿಟ್ಟುಕೊಂಡಿದ್ದೆ. ಅದನ್ನು ಅವರಿಗೆ ಹೇಳಿರಲಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕೈದು ಡಬ್ಬಿಗಳು ಸಾಲಾಗಿ ನಿಂತಿದ್ದವು. ಅದೇ ಬೆಣ್ಣೆಯ ಬಣ್ಣ, ಅದೇ ಕೂದಲೆಳೆ ಗೆರೆ. ಒಂದರ ಮೇಲಂತೂ ಅದೇ ಚೌಕ ಮುಖದವನು, ಕೈಯಲ್ಲಿ ತಲೆ. ಪಕ್ಕದಲ್ಲಿ ಪಟ್ಟೆ ಪಟ್ಟೆಯಾಗಿ ನೇಯ್ದ ಒಂದು ಸಣ್ಣ ಚೀಲ. ಫಲಕದಲ್ಲಿ ಬರೆದಿತ್ತು: ಬೆಟ್ಟದ ಜನ ಕೋಕಾ ಎಂಬ ಗಿಡದ ಎಲೆ ಅಗಿಯುತ್ತಿದ್ದರು, ಎಲೆ ಚೀಲದಲ್ಲಿ, ಸುಣ್ಣ ಈ ಡಬ್ಬಿಯಲ್ಲಿ, ಸಣ್ಣ ಕಡ್ಡಿಯಿಂದ ಸುಣ್ಣ ತೆಗೆದು ಬಾಯಿಗೆ. ನಾನು ಗಾಜಿಗೆ ಮೂಗು ತಾಗಿಸಿ ನಿಂತುಬಿಟ್ಟೆ. ಧಾರವಾಡದಿಂದ ಭೂಮಿಯ ಆಚೆ ಬದಿಯಲ್ಲಿ ಸಾವಿರ ವರ್ಷದ ಹಿಂದೆ ಯಾರೋ ಚಂಚಿ ಕಟ್ಟಿಕೊಂಡು ಓಡಾಡಿದ್ದರು. ಅದನ್ನು ಒಮ್ಮೆ ನಾಲಿಗೆಗೆ ಮುಟ್ಟಿಸಿ ಕಂಡುಹಿಡಿದವರು ಅಜ್ಜಿ.

ಅಷ್ಟಕ್ಕೇ ನಿಲ್ಲಬಹುದಿತ್ತು. ಫಲಕದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದೆ. "ಲಾಮಾ ಅನ್ನೋ ಪ್ರಾಣಿಯ ಎಲುಬು. ನೋಡಿ ಅಂಕಲ್, ಮರ ಅಲ್ಲ, ದಂತ ಅಲ್ಲ. ಎಲುಬು!"

ತಿರುಗಿ ನೋಡಿದಾಗ ಆಂಟಿ ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದರು.

"ದೇವರ ಮುಂದೆ ಇಟ್ಟಿದೀವಿ ಕಣೇ," ಎಂದರು. "ನಾನೂ ಹಾಕ್ಕೊಂಡಿದೀನಿ ಆ ಸುಣ್ಣ."

"ನಮ್ಮ ಡಬ್ಬಿ ಅಸಲೀನೋ ನಕಲೀನೋ ಯಾರಿಗ್ಗೊತ್ತು ಆಂಟಿ. ಟೂರಿಸ್ಟ್‌ಗಳಿಗೆ ಮಾಡಿದ್ದೂ ಇರಬಹುದು."

"ಎಲುಬಾ ಅಲ್ವಾ ಹೇಳು."

"ಎಲುಬೇ."

ಹಿಂದಿರುಗುವ ಟ್ರೇನು ನದಿಯ ಕೆಳಗೆ ನುಗ್ಗಿದಾಗ ಕಿಟಕಿಯೆಲ್ಲ ಕಪ್ಪಾಗಿ ಮೂವರ ಮುಖ ಅದರಲ್ಲಿ ಮೂಡಿತು. ಆಗ ಅಂಕಲ್ ಹೇಳಿದ್ದು ಒಂದೇ: "ಅವ್ವಗ ಗೊತ್ತಾಗಬಾರದು. ಗೊತ್ತಾದ್ರ ಆಕಿ ಊಟ ಬಿಡ್ತಾಳ."

ಡಬ್ಬಿ ಮಾಯವಾಯಿತು, ಚಂಚಿಯಲ್ಲಿ ಸ್ಟೀಲಿನದು ಬಂತು. ಮರುದಿನ ಭಾನುವಾರ ನಾನು ಹೋದಾಗ ಮನೆಯಲ್ಲಿ ಶವ ಎತ್ತಿದ ಮೇಲಿನಂಥ ಮೌನ. ಅಜ್ಜಿ ನನ್ನನ್ನು ತಮ್ಮ ಕೋಣೆಗೆ ಕರೆದರು.

"ಅವರಿಬ್ರೂ ಕಳದೈತಿ ಅಂತಾರ. ಕಳದದ್ದು ಹುಡುಕೋರು ಹಿಂಗ ಕೂಡಂಗಿಲ್ಲ. ನೀ ಜಗಳಗಂಟಿ, ಆದ್ರ ಸುಳ್ಳು ಹೇಳಾಕಿ ಅಲ್ಲ. ಏನಾತು?"

ಹೇಳದಿರಬಹುದಿತ್ತೇ? ಇದನ್ನು ನಾನು ಎರಡೂ ಕಡೆಯಿಂದ ವಾದಿಸಿ ನೋಡಿದ್ದೇನೆ. ಅವತ್ತು ವಾದಿಸಲಿಲ್ಲ. ಹೇಳಿದೆ.

ಅಜ್ಜಿ ಸೆರಗಿನ ಅಂಚು ಮಡಿಸಿದರು. ನಾನು ಅಳುವಿಗೆ, ಬೈಗುಳಕ್ಕೆ, ಉಪವಾಸದ ಶಪಥಕ್ಕೆ ಸಿದ್ಧಳಾಗಿದ್ದೆ. ಅವರು ಹೇಳಿದ್ದು ಬೇರೆ.

"ಹಂಗಾರ ಅದಕ್ಕ ನನ್ನ ಬಾಯಿ ಹಿಂಗಾಗೇತಿ."

"ಹೇಗಾಗಿದೆ?"

ಬಾಯಿ ತೆರೆದರು. ತೆರೆದರು ಎನ್ನುವುದು ತಪ್ಪು, ತೆರೆಯಲು ಪ್ರಯತ್ನಪಟ್ಟರು. ಅಲ್ಲಿಯವರೆಗೆ ನಾನು ಗಮನಿಸಿರಲೇ ಇಲ್ಲ. ಅವರು ರೊಟ್ಟಿಯನ್ನು ಚೂರು ಚೂರು ಮಾಡಿ ಹಾಲಿನಲ್ಲಿ ನೆನೆಸುತ್ತಿದ್ದುದು, ದೊಡ್ಡ ಚಮಚ ಬಿಟ್ಟು ಟೀ ಚಮಚ ಹಿಡಿದದ್ದು, ನಗುವಾಗ ಕೈ ಅಡ್ಡ ಇಡುತ್ತಿದ್ದುದು ಎಲ್ಲ ಆಗ ಒಟ್ಟಿಗೆ ನೆನಪಾಯಿತು. ಫೋನಿನ ಟಾರ್ಚು ಹಾಕಿದೆ. ಕೆನ್ನೆಯ ಒಳಭಾಗ ಗುಲಾಬಿಯಾಗಿರಬೇಕಿತ್ತು. ಬೆಳ್ಳಗೆ, ಬಿಗಿಯಾಗಿ, ಸುಣ್ಣ ಬಳಿದ ಗೋಡೆಯಂತಿತ್ತು. ಒಂದು ಕಡೆ ಗೋಡೆ ಕಿತ್ತುಬಂದ ಹಾಗೆ ಕೆಂಪು.

ನಮ್ಮ ಕನ್ನಡದವರ ಗುಂಪಿನಲ್ಲಿ ಜರ್ಸಿ ಸಿಟಿಯ ಒಬ್ಬ ಆಂಟಿ ಹಲ್ಲಿನ ಡಾಕ್ಟರು. ಆಗಲೇ ವಿಡಿಯೋ ಕಾಲ್ ಮಾಡಿಸಿದೆ. ಅವರು ಹಣೆ ಗಂಟಿಕ್ಕಿ ನೋಡಿದರು.

"ಅಜ್ಜೀ, ನಿಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಕೊಳ್ಳಿ ನೋಡೋಣ."

ಎರಡು ಹೋದವು. ಮೂರನೆಯದು ತುಟಿಯ ಹೊರಗೇ ನಿಂತಿತು. ಡಾಕ್ಟರ್ ಆಂಟಿಯ ದನಿ ಬದಲಾಯಿತು. ಅಡಿಕೆಯಿಂದ ಒಳಚರ್ಮ ಹೀಗೆ ನಾರಾಗುತ್ತದೆ, ಅದು ವರ್ಷಗಟ್ಟಲೆ ಆಗುವ ಕೆಲಸ. ಬಿಗಿತಕ್ಕಿಂತ ಆ ಕೆಂಪು ಜಾಗದ್ದೇ ಚಿಂತೆ ಎಂದರು. "ಈ ವಾರವೇ ಕರ್ಕೊಂಡು ಬನ್ನಿ. ಬಯಾಪ್ಸಿ ಆಗ್ಲೇಬೇಕು. ಈಗ ಹೋದ್ರೆ ಸಣ್ಣದರಲ್ಲಿ ಮುಗಿಯತ್ತೆ. ಆಮೇಲೆ ನಾನು ಪ್ರಾಮಿಸ್ ಮಾಡಲ್ಲ."

ಅಜ್ಜಿ ಫೋನನ್ನು ಮಗುಚಿಟ್ಟರು.

"ಬಯಾಪ್ಸಿ ಬ್ಯಾಡ. ಎಲುಬು ಬಾಯಾಗ ಹೋಗೇತಿ, ಅದಕ್ಕ ಹಿಂಗಾಗೇತಿ. ಎಲುಬು ಮನಿ ಬಿಟ್ಟು ಹೋದ್ರ ಬಾಯಿ ತೆರೀತೈತಿ. ಇಪ್ಪತ್ತೊಂದು ದಿವಸ ವಿಭೂತಿ ನೀರು ಕುಡೀತೀನಿ."

ಶಾಪದ ಕಥೆ ಹುಟ್ಟಿದ್ದು ಹೀಗೆ. ಹುಟ್ಟಿಸಿದ್ದು ಗುಂಪಿನ ಯಾವ ಆಂಟಿಯೂ ಅಲ್ಲ, ಅಜ್ಜಿಯೇ. ನಡುಮನೆಯಲ್ಲಿ ನಾಲ್ವರೂ ಕುಳಿತು ಮಾತಾಡಿದೆವು. ನಾನು ಕೆಂಪು ಖಾರದ ಸಾಕ್ಷಿ ಹೇಳಿದೆ. ಅದೇ ಸುಣ್ಣ ತಿಂದ ಉಳಿದವರ ಬಾಯಿಗಳು ಚೆನ್ನಾಗಿಯೇ, ಅಗತ್ಯಕ್ಕಿಂತ ಹೆಚ್ಚೇ ತೆರೆಯುತ್ತಿವೆಯಲ್ಲ ಎಂದೆ. ಅಜ್ಜಿ ಎಲ್ಲ ಕೇಳಿಸಿಕೊಂಡರು.

"ನೀ ಗೆದ್ದಿ," ಎಂದರು. "ಆದ್ರ ನಾ ಬರಂಗಿಲ್ಲ."

ಅಂಕಲ್ ನೆಲ ನೋಡುತ್ತ, "ಇಪ್ಪತ್ತೊಂದು ದಿವಸ ಅಲ್ಲೇನ, ನೋಡೋಣ. ಡಾಕ್ಟರ್ಸ್ ಕ್ಯಾನ್ ವೇಟ್" ಎಂದರು. ಟೆಲಿಕಾಂ ಲೈನಿನ ಒಂದು ಸಣ್ಣ ಸದ್ದಿಗೆ ಹಗಲಿಡೀ ಕಾರಣ ಹುಡುಕುವ ಮನುಷ್ಯ. ಅವರ ಮುಖದಲ್ಲಿ ಕಂಡದ್ದು ನಂಬಿಕೆಯಲ್ಲ, ಬಿಡುಗಡೆ. ನನಗೆ ಸಿಟ್ಟು ಬಂತು.

ಅಡುಗೆಮನೆಯಲ್ಲಿ ಆಂಟಿ ನೀರು ಹರಿಯಲು ಬಿಟ್ಟು, ಆ ಸದ್ದಿನ ಮರೆಯಲ್ಲಿ ಹೇಳಿದರು. ಅವರ ಮಾವನವರಿಗೂ ಬಾಯಿಯ ಹುಣ್ಣೇ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಅರ್ಧ ದವಡೆ ತೆಗೆದಿದ್ದರಂತೆ. ಆಮೇಲೆ ಬದುಕಿದ ಎಂಟು ತಿಂಗಳು ಅಜ್ಜಿ ಅವರಿಗೆ, ಕೂಸಿಗೆ ಹಾಲು ಹಾಕುವ ಬೆಳ್ಳಿಯ ಒಳಲೆಯಲ್ಲಿ, ಗಂಜಿ ಹೊಯ್ಯುತ್ತಿದ್ದರಂತೆ. ಗಂಜಿ ಕೆನ್ನೆಯಿಂದ ಹೊರಗೆ ಬರುತ್ತಿತ್ತಂತೆ. "ಇವರು ಆಗ ಕಾಲೇಜಿನಲ್ಲಿದ್ರು. ಆ ರೂಮಿನೊಳಗೆ ಹೋಗ್ತಾ ಇರಲಿಲ್ಲವಂತೆ," ಎಂದರು ಅಂಕಲ್ ಕುಳಿತಿದ್ದ ಕಡೆ ಕಣ್ಣು ತೋರಿಸಿ.

ಡಬ್ಬಿಯನ್ನು ಏನು ಮಾಡುವುದು? ಆಂಟಿ ರಾರಿಟನ್ ನದಿಗೆ ಬಿಡೋಣ ಎಂದರು. ಯಾರೋ ಕುಳಿತು ಇಷ್ಟು ಗೆರೆ ಕೊರೆದ ವಸ್ತು, ನದಿಗೆ ಹಾಕಲು ನಾವು ಯಾರು ಎಂದೆ. "ಹಾಗಾದ್ರೆ ನೀನೇ ಇಟ್ಕೋ" ಎಂದರು. ಗ್ಯಾರೇಜಿನಲ್ಲಿ ಬಣ್ಣದ ಡಬ್ಬಗಳ ಹಿಂದೆ ಅಡಗಿದ್ದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮುಟ್ಟದೆ, ಇಕ್ಕಳದಲ್ಲಿ ಹಿಡಿದಂತೆ ಹಿಡಿದು ಕೊಟ್ಟರು.

ಅಂದಿನಿಂದ ಅದು ನನ್ನ ಮೇಜಿನ ಮೇಲಿತ್ತು. ನಾನು ಶಾಪವನ್ನು ನಂಬುವವಳಲ್ಲ. ಆದರೂ ಚೌಕ ಕಣ್ಣಿನವನನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದೆ. ಪ್ರತಿ ಸಂಜೆ ಆಂಟಿ ಫೋನ್ ಮಾಡುತ್ತಿದ್ದರು. ಎರಡು ಬೆರಳು. ಮತ್ತೆ ಎರಡು. ಎರಡು, ಆದರೆ ಕಷ್ಟಪಟ್ಟು. ಒಂದು ದಿನ ಅವರು ಸುಮ್ಮನೆ "ಒಂದೂವರೆ" ಎಂದು ಫೋನಿಟ್ಟರು.

ಹದಿನೆಂಟನೆಯ ದಿನ ಡಬ್ಬಿ ನನ್ನ ಮೊಣಕೈ ತಾಗಿ ಉರುಳಿತು. ತಳದ ಬಿರಡೆ ಬಿಟ್ಟುಕೊಂಡಿತು. ಮತ್ತೆ ಕೂರಿಸೋಣವೆಂದು ಕಿಟಕಿಯ ಬೆಳಕಿಗೆ ಹಿಡಿದೆ. ಆಗ ಕಂಡಿತು. ಎಲುಬಿನ ಆ ತುದಿಯ ಒಳಗೋಡೆ ನಯವಾಗಿರಲಿಲ್ಲ. ಜೇನುಗೂಡಿನಂತೆ, ಬ್ರೆಡ್ಡಿನಂತೆ, ಸಣ್ಣ ಸಣ್ಣ ತೂತು. ಮರಕ್ಕಾಗಲಿ ದಂತಕ್ಕಾಗಲಿ ಹಾಗೆ ಇರುವುದಿಲ್ಲ. ಪ್ರತಿಯೊಂದು ತೂತಿನಲ್ಲೂ ಮೇಣ. ಸುರಿದ ಮೇಣವಲ್ಲ, ಪಿನ್ನಿನ ತುದಿಯಲ್ಲಿ ತೆಗೆದು, ಒಂದೊಂದಕ್ಕೇ ಒತ್ತಿ, ಉಗುರಿನಿಂದ ಸವರಿದ ಮೇಣ. ಕೆಲವು ಕಡೆ ಉಗುರಿನ ಗೆರೆ ಹಾಗೇ ಉಳಿದಿತ್ತು. ಅಷ್ಟು ಕೆಲಸಕ್ಕೆ ಒಂದಿಡೀ ಮಧ್ಯಾಹ್ನ ಬೇಕು, ಒಳ್ಳೆಯ ಬೆಳಕು ಬೇಕು, ಕಣ್ಣಿನ ಹತ್ತಿರ ಹಿಡಿಯಬೇಕು.

ಗೊಬ್ಬರದ ಚೀಲವನ್ನು ಮೂಗಿನಿಂದಲೇ ಗುರುತಿಸಿದ ಹೆಂಗಸು. ದನದ ಎಲುಬು ಬುಟ್ಟಿಗೆ ತುಂಬಿದ ಕೈ. ಎಲುಬೆಂದು ಗೊತ್ತಿದ್ದೂ ಸುಣ್ಣ ತುಂಬಿಕೊಂಡರು. ಗೊತ್ತಿದ್ದೂ ದೇವರ ಪಕ್ಕ ಇಟ್ಟರು. ಮೊಟ್ಟೆಯ ತಟ್ಟೆಗೆ ಬೇರೆ ಸ್ಪಂಜು ಕೇಳುವವರು ಹೀಗೇಕೆ ಮಾಡಿದರೆಂದು ಕುರ್ಚಿಯಲ್ಲಿ ಕುಳಿತು ಯೋಚಿಸಿದೆ. ಆ ಬೇಸಿಗೆಯಲ್ಲಿ ಅವರ ಬಾಯಿ ಆಗಲೇ ಉರಿಯುತ್ತಿತ್ತು. ಗಂಡನ ಬಾಯನ್ನು ಮೊದಲಿನಿಂದ ಕೊನೆಯ ತನಕ ನೋಡಿದವರಿಗೆ ಅದು ಏನೆಂದು ಹೇಳಲು ಯಾವ ಡಾಕ್ಟರೂ ಬೇಕಿರಲಿಲ್ಲ. ಒಂದಲ್ಲ ಒಂದು ದಿನ ಮನೆಯವರಿಗೆ ಗೊತ್ತಾಗುತ್ತದೆ, ಆಸ್ಪತ್ರೆ ಎನ್ನುತ್ತಾರೆ, ಆಗ ತೋರಿಸಲು ಬೇರೊಂದು ಕಾರಣ ಬೇಕು. ಅದು ತಾನಾಗಿ ಮನೆಗೆ ಬಂದಿತ್ತು, ತಲೆ ಹಿಡಿದುಕೊಂಡು. ಬಯಲು ಮಾಡಲು ಒಬ್ಬಳು ಜಗಳಗಂಟಿಯೂ ಇದ್ದಳು.

ಇದು ನನ್ನ ಊಹೆ. ಮೇಣ ಮಾತ್ರ ಊಹೆಯಲ್ಲ.

ಇಪ್ಪತ್ತೊಂದು ದಿನ ಕಳೆದು, ಮತ್ತೆ ಇಪ್ಪತ್ತೊಂದು ಎಂದಾಯಿತು. ಡಾಕ್ಟರ್ ಆಂಟಿ ಹಿಡಿದುಕೊಟ್ಟ ಅಪಾಯಿಂಟ್‌ಮೆಂಟನ್ನು ಅಂಕಲ್ ಎರಡು ಬಾರಿ ಕ್ಯಾನ್ಸಲ್ ಮಾಡಿದರು. ಮೂರನೆಯದು ಬರುವ ಮಂಗಳವಾರ ಇದೆ. ಅದನ್ನೂ ಬಿಟ್ಟರೆ ಇನ್ನು ತನಗೆ ಫೋನ್ ಮಾಡಬೇಡಿ ಎಂದು ಡಾಕ್ಟರ್ ಆಂಟಿ ಹೇಳಿದ್ದಾರೆ.

ನಿನ್ನೆ ಮಧ್ಯಾಹ್ನ ಹೋದೆ. ಅಜ್ಜಿ ಹಿತ್ತಲ ಬಾಗಿಲ ಬಳಿ ಅದೇ ಕುರ್ಚಿಯಲ್ಲಿದ್ದರು. ಗುಲಾಬಿಗಳು ಈ ಸಲ ಚೆನ್ನಾಗಿ ಚಿಗುರಿವೆ. ಕೈಯಲ್ಲಿ ಗಂಜಿಯ ಲೋಟ, ಲೋಟದಲ್ಲಿ ಸ್ಟ್ರಾ. ಕೆನ್ನೆ ಒಳಕ್ಕೆ ಹೋಗಿ ಮುಖದ ಎಲುಬು ಎದ್ದು ಕಾಣುತ್ತಿತ್ತು. ನನ್ನನ್ನು ನೋಡಿ, ಹಲ್ಲಿನ ಸಂದಿಯಿಂದಲೇ, "ಬಂದೇನ ಲಾಯರ್" ಎಂದರು.

ಚೀಲದಿಂದ ಡಬ್ಬಿ ತೆಗೆದೆ. ಬಿರಡೆ ತೆಗೆದು, ಜೇನುಗೂಡಿನ ತುದಿಯನ್ನು ಅವರಿಗೆ ಕಾಣುವಂತೆ ಹಿಡಿದೆ. ಅವರು ಹಿಂದೆ ಸರಿಯಲಿಲ್ಲ, ಮುಖ ತಿರುಗಿಸಲಿಲ್ಲ. ಲೋಟ ಕೆಳಗಿಟ್ಟು, ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳನ್ನು ಅದರ ಜಾಗಕ್ಕೆ, ವೀರಭದ್ರನ ಮೇಲೆ, ಇಟ್ಟರು. ಒಳಗೆ ಅಂಕಲ್ ಆಫೀಸಿನ ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದರು. ನಾನು ವಾದ ಮಾಡಲಿಲ್ಲ. ಒಂದೇ ಒಂದು ಕೇಳಿದೆ.

"ಅಜ್ಜೀ, ಈ ತೂತುಗಳಿಗೆ ಮೇಣ ತುಂಬ್ತಾ ಕೂತಿದ್ರಲ್ಲ, ಆ ಮಧ್ಯಾಹ್ನ ನಿಮ್ಮ ಬಾಯೊಳಗೆ ಎಷ್ಟು ಬೆರಳು ಹೋಗ್ತಿತ್ತು?"